ಕನಕಪುರ ರಸ್ತೆಯಲ್ಲಿ ಮುಂದಿನ ಯುದ್ಧ

1791ರ ಮೇ ತಿಂಗಳು. ಬೆಂಗಳೂರು ಕೋಟೆಯನ್ನು ಮಾರ್ಚ್‌ನಲ್ಲೇ ಹಿಡಿದಿದ್ದ ಇಂಗ್ಲಿಷರ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್, ಮಳೆಗಾಲ ಜೋರಾಗುವ ಮುಂಚೆ ಶ್ರೀರಂಗಪಟ್ಟಣವನ್ನೂ ಮುಗಿಸಿಬಿಡುವ ಆತುರದಲ್ಲಿ ದಂಡು ಕಟ್ಟಿಕೊಂಡು ಹೊರಟ. ಚನ್ನಪಟ್ಟಣದ ದಾರಿಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನ ಕಾದಿದ್ದರಿಂದ ಕನಕಪುರದ ಕಡೆಯ ದಾರಿ ಹಿಡಿದ. ಹೋದಲ್ಲೆಲ್ಲ ಮೇವಿಲ್ಲ, ಕಾಳಿಲ್ಲ. ಮೈಸೂರಿನವರು ಮೊದಲೇ ಎಲ್ಲವನ್ನೂ ಬರಿದು ಮಾಡಿಟ್ಟಿದ್ದರು. ಮೇ 15ರಂದು ಶ್ರೀರಂಗಪಟ್ಟಣದ ಸಮೀಪ ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಗೆದ್ದವನು ಕಾರ್ನ್‌ವಾಲಿಸನೇ. ಆದರೆ ಕೆಲವೇ ದಿನಗಳಲ್ಲಿ ಕೋಟೆ ಒಡೆಯಲೆಂದು ತಂದ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಮರಳಬೇಕಾಯಿತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಸಿಪಾಯಿಗಳಿಗೆ ಅನ್ನವಿರಲಿಲ್ಲ. ಹಿಂತಿರುಗುವ ದಾರಿಯಲ್ಲಿ ಎದುರಾದ ಕುದುರೆ ಪಡೆಯನ್ನು ಮೊದಲು ಶತ್ರುವೆಂದೇ ಭಾವಿಸಿದರು. ನೋಡಿದರೆ ಅವರು ನೆರವಿಗೆ ಬರಬೇಕಿದ್ದ ಮರಾಠರು, ಜೊತೆಯಲ್ಲಿ ತುಂಬಿದ ಸಂತೆಯೇ ಇತ್ತು. ಅವರು ಹತ್ತಿರದಲ್ಲಿದ್ದಾರೆಂಬ ಸುದ್ದಿಯನ್ನು ಟಿಪ್ಪುವಿನ ಸವಾರರು ಅಷ್ಟು ದಿನ ಈಚೆಗೆ ದಾಟಗೊಟ್ಟಿರಲಿಲ್ಲ.

ಬನಶಂಕರಿ, ಜೆ.ಪಿ. ನಗರದ ಮಗ್ಗುಲಲ್ಲೇ ಹಾದು ಅದೇ ದಿಕ್ಕಿಗೆ ಸಾಗುವ ಕನಕಪುರ ರಸ್ತೆಯಲ್ಲಿ ಇವತ್ತು ಮೆಟ್ರೊ ಓಡುತ್ತದೆ. ಆ ರಸ್ತೆಯ ಆಚೀಚೆಯ ಮನೆಗಳಲ್ಲಿ, ಕೆಫೆಗಳಲ್ಲಿ ಶನಿವಾರ ಸಂಜೆ ಮೇಜಿನ ಸುತ್ತ ಕುಳಿತು ರೋಲ್‌ಪ್ಲೇಯಿಂಗ್ ಆಟ ಆಡುವ ಹುಡುಗ ಹುಡುಗಿಯರಿಗೆ ಕಾರ್ನ್‌ವಾಲಿಸ್ ಹಿಮ್ಮೆಟ್ಟಿದ್ದು ಪಠ್ಯದ ಹೊರಗಿನ ಸಂಗತಿ. ಆದರೆ ಅವರಲ್ಲಿ ಯಾರಾದರೂ ‘ಮುಂದಿನ ವಾರಕ್ಕೆ ನಾನೇ ಒಂದು ಸೈನ್ಸ್ ಫಿಕ್ಷನ್ ಯುದ್ಧದ ಜಗತ್ತು ಕಟ್ಟಿಕೊಂಡು ಬರ್ತೀನಿ’ ಎಂದು ಹೊರಟರೆ, ಲೇಸರ್ ಬಂದೂಕಿನ ಚಿತ್ರ ಬರೆಯುವ ಮೊದಲು ಆ ಎತ್ತುಗಳ ಕಥೆಯನ್ನು ಓದುವುದು ಒಳ್ಳೆಯದು.

ಈ ಆಟ ಕಂಡಿರದವರಿಗೆ ನಾಲ್ಕು ಮಾತು. ಬೋರ್ಡ್ ಇರಬೇಕೆಂದಿಲ್ಲ, ಗೆದ್ದವರು ಸೋತವರು ಎಂಬುದೂ ಇಲ್ಲ. ಒಬ್ಬರು ಗೇಮ್ ಮಾಸ್ಟರ್. ಊರು, ಹವೆ, ಶತ್ರು, ದಾರಿಹೋಕ ಎಲ್ಲವೂ ಅವರ ಬಾಯಲ್ಲಿ. ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ. ‘ಬಾಗಿಲು ಒಡೀತೀನಿ’ ಎಂದು ಒಬ್ಬ ಹೇಳಿದರೆ ಒಡೆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹೀಗೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಂದೇ ಕಥೆ ಮುಂದುವರಿಯುತ್ತದೆ. ಈ ಕಥೆ ನಡೆಯುವ ಜಗತ್ತಿಗೆ ಆಟದವರು ಸೆಟ್ಟಿಂಗ್ ಎನ್ನುತ್ತಾರೆ. ಅದರ ಇತಿಹಾಸ, ಭೂಗೋಳ, ಪಕ್ಷ, ಪಂಗಡ, ಬೆಲೆ, ಬಯ್ಗುಳ ಎಲ್ಲ ಸೇರಿದ್ದು ಅದು.

ಆಟದ ಬೇರಿರುವುದು ಯುದ್ಧದಲ್ಲೇ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ರಾಜನಿಗೆ ಯುದ್ಧದ ಆಟವೊಂದನ್ನು ಮಾಡಿಕೊಟ್ಟ. ಅವನ ಮಗ 1824ರಲ್ಲಿ ಅದನ್ನು ತಿದ್ದಿ, ನಕ್ಷೆ, ದಾಳ ಮತ್ತು ನಡುವೆ ಕೂತು ತೀರ್ಪು ಹೇಳುವ ಒಬ್ಬ ಮಧ್ಯಸ್ಥನನ್ನು ಸೇರಿಸಿ ಸೈನ್ಯದ ಅಧಿಕಾರಿಗಳ ತರಬೇತಿಗೆ ಒದಗಿಸಿದ. ಇವತ್ತಿನ ಗೇಮ್ ಮಾಸ್ಟರ್ ಆ ಮಧ್ಯಸ್ಥನ ಮರಿಮಗ. ಮಂಗಳ ಗ್ರಹದವರು ಭೂಮಿಗೆ ನುಗ್ಗುವ ಕಾದಂಬರಿ ಬರೆದ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರನ್ನಿಟ್ಟು ಆಡುವ ನಿಯಮಗಳ ಪುಸ್ತಕವನ್ನೂ ಬರೆದ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ, ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೂ ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟು ನೋಡಿದ. ಅಲ್ಲಿಂದ ಐದು ವರ್ಷಕ್ಕೆ, 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ನೂರು ವರ್ಷಕ್ಕೂ ಹಿಂದೆ ಅರಮನೆಯಲ್ಲಿ ಕೂತು ಹೊಸ ಹೊಸ ಮಣೆಯಾಟಗಳನ್ನು ಕಟ್ಟುತ್ತಿದ್ದರು, ಚದುರಂಗದ ಕುದುರೆಯನ್ನು ಎಲ್ಲ ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಓಡಿಸುವ ಒಗಟು ಬಿಡಿಸುತ್ತಿದ್ದರು. ಆಟ ಕಟ್ಟುವ ಕೆಲಸ ಈ ಸೀಮೆಗೆ ಪರದೇಶದ್ದೇನೂ ಅಲ್ಲ.

ಹೊಸಬರು ಯುದ್ಧದ ಜಗತ್ತು ಕಟ್ಟಲು ಕೂತಾಗ ಮೊದಲು ಪಟ್ಟಿ ಮಾಡುವುದು ಆಯುಧಗಳನ್ನು. ಎರಡನೆಯದಾಗಿ ಮೂರು ಸಾವಿರ ವರ್ಷದ ಇತಿಹಾಸ. ಮೂರನೆಯದಾಗಿ ಉಚ್ಚರಿಸಲಾಗದ ಹೆಸರುಗಳು. ಇಷ್ಟಕ್ಕೇ ನಲವತ್ತು ಪುಟ ತುಂಬುತ್ತದೆ, ಆಟಗಾರರು ಮೂರನೇ ಪುಟದಲ್ಲಿ ಫೋನ್ ತೆಗೆಯುತ್ತಾರೆ. ಇಷ್ಟರಲ್ಲಿ ಎಲ್ಲೂ ‘ಈಗ ಏನು ಮಾಡ್ತೀರ?’ ಎಂಬ ಪ್ರಶ್ನೆ ಹುಟ್ಟಿರುವುದಿಲ್ಲ.

ಆಯುಧವೇ ಪ್ರಶ್ನೆ ಹುಟ್ಟಿಸಬೇಕೆಂದರೆ ಹೇಗಿರಬೇಕು? ಮಹಾಭಾರತದ ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿತ್ತು. ಎಷ್ಟು ಪ್ರಬಲವೆಂಬುದು ಅದರ ಸ್ವಾರಸ್ಯವಲ್ಲ. ಅದನ್ನು ಒಂದೇ ಸಲ ಎಸೆಯಬಹುದಿತ್ತು. ಅರ್ಜುನನಿಗೆಂದು ಕಾಪಿಟ್ಟಿದ್ದ ಅದನ್ನು ಹದಿನಾಲ್ಕನೇ ದಿನದ ರಾತ್ರಿ ಕೌರವ ಸೇನೆ ಕಂಗೆಟ್ಟು ಕೂಗಿದಾಗ ಘಟೋತ್ಕಚನ ಮೇಲೆ ಕಳೆಯಬೇಕಾಯಿತು. ಸೂರ್ಯ ಮುಳುಗಿದ ಮೇಲೆ ಕಾದಬಾರದೆಂದು ಎರಡೂ ಕಡೆಯವರು ಮೊದಲೇ ಒಪ್ಪಿದ್ದರು, ಆ ಒಪ್ಪಂದವೂ ಅದೇ ರಾತ್ರಿ ಮುರಿದಿತ್ತು. ಒಂದೇ ಬಾರಿ ಉಪಯೋಗಕ್ಕೆ ಬರುವ ಆಯುಧ, ಮುರಿಯಲೆಂದೇ ಇರುವ ಯುದ್ಧಧರ್ಮ, ಹನ್ನೊಂದಕ್ಕೆ ಏಳರಂತೆ ಹಂಚಿಹೋದ ಹದಿನೆಂಟು ಅಕ್ಷೌಹಿಣಿ: ಆಟ ಕಟ್ಟುವವರು ಕದಿಯಬೇಕಾದ ಮಾಲು ಹಳ್ಳಿಯ ತಾಳಮದ್ದಳೆಯಲ್ಲೇ ಸಿಗುತ್ತದೆ.

ವಿಜ್ಞಾನ ಕಥೆಯ ಯುದ್ಧಕ್ಕೆ ಒಂದು ಹೆಚ್ಚಿನ ಅನುಕೂಲವಿದೆ. ಅಲ್ಲಿ ಒಂದು ಭೌತಿಕ ನಿಯಮವನ್ನು ಗಟ್ಟಿಯಾಗಿ ಹಿಡಿದರೆ ಸಮಾಜವೇ ಅದರ ಸುತ್ತ ಮೊಳೆಯುತ್ತದೆ. 1977ರಲ್ಲಿ ಮಾರ್ಕ್ ಮಿಲ್ಲರ್ ಬರೆದ ‘ಟ್ರಾವೆಲರ್’ ಎಂಬ ಬಾಹ್ಯಾಕಾಶದ ಆಟದಲ್ಲಿ ಹಡಗೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯಲು, ದೂರ ಎಷ್ಟೇ ಇರಲಿ, ಸುಮಾರು ಒಂದು ವಾರ ಬೇಕು. ಹಡಗಿಗಿಂತ ವೇಗವಾಗಿ ಸುದ್ದಿ ಹೋಗುವುದಿಲ್ಲ. ಇಷ್ಟೇ ನಿಯಮ. ಅದರಿಂದ ಏನೇನಾಯಿತೆಂದರೆ, ಗಡಿಯಲ್ಲಿ ಯುದ್ಧ ಶುರುವಾದರೆ ರಾಜಧಾನಿಗೆ ಗೊತ್ತಾಗುವುದು ತಿಂಗಳುಗಳ ಮೇಲೆ. ಆದ್ದರಿಂದ ಗಡಿಯ ಪಾಳೇಗಾರರಿಗೆ ಚಕ್ರವರ್ತಿಯಷ್ಟೇ ಅಧಿಕಾರ. ಆದ್ದರಿಂದ ಟಪಾಲು ಹಡಗಿನ ಚಾಲಕನಿಗೂ ಮಹತ್ವ. ಟಿಪ್ಪುವಿನ ಸವಾರರು ಮರಾಠರ ಸುದ್ದಿ ತಡೆದದ್ದಕ್ಕೂ ಇದಕ್ಕೂ ನಂಟು ಹಚ್ಚುವುದು ಕಷ್ಟವಲ್ಲ. (ಮೊದಲ ಟ್ರಾವೆಲರ್‌ಗೆ ಇನ್ನೊಂದು ಖ್ಯಾತಿ ಇದೆ: ಪಾತ್ರವನ್ನು ಸೃಷ್ಟಿಸುವ ಹಂತದಲ್ಲೇ, ಆಟ ಆರಂಭವಾಗುವ ಮುಂಚೆಯೇ, ಆ ಪಾತ್ರ ಸತ್ತುಹೋಗಬಹುದಿತ್ತು.)

ಸುದ್ದಿ ತಡವಾಗುವುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕೆಂಪು ಗ್ರಹದ ಕಕ್ಷೆಗೆ ಸೇರಿದಾಗ, ಅಲ್ಲಿಂದ ಹೊರಟ ಸಂಕೇತ ಇಲ್ಲಿಗೆ ತಲುಪಲು 12 ನಿಮಿಷಕ್ಕೂ ಹೆಚ್ಚು ಹಿಡಿಯಿತು. ಮಾಡಬೇಕಾದ ಕೆಲಸದ ಆದೇಶಗಳನ್ನು ನೌಕೆಗೆ ದಿನಗಳ ಮುಂಚೆಯೇ ತುಂಬಿಟ್ಟಿದ್ದರು. ಎಂಜಿನ್ ಉರಿಯುತ್ತಿದ್ದ ಹೆಚ್ಚಿನ ಹೊತ್ತು ನೌಕೆ ಮಂಗಳನ ಮರೆಯಲ್ಲಿತ್ತು, ಇಸ್ರೊದವರು ಕಾಯುವುದನ್ನು ಬಿಟ್ಟು ಏನೂ ಮಾಡುವಂತಿರಲಿಲ್ಲ. ಊರಿನ ನೈಋತ್ಯಕ್ಕೆ ಬ್ಯಾಲಾಳು ಗ್ರಾಮದಲ್ಲಿರುವ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇಂಥ ದೂರದ ಮಾತುಕತೆಗೆಂದೇ ಇದೆ. ಭೂಮಿ ಮಂಗಳಗಳ ಅಂತರ ಬದಲಾದಂತೆ ಈ ವಿಳಂಬ 3 ನಿಮಿಷದಿಂದ 22 ನಿಮಿಷದವರೆಗೆ ಏರಿಳಿಯುತ್ತದೆ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಎರಡರ ನಡುವೆ ಬಂದಾಗ ಎರಡು ವಾರದಷ್ಟು ಕಾಲ ಮಂಗಳದ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಆ ಎರಡು ವಾರ ಮುಂದೆ ಕೆಲಸಕ್ಕೆ ಬರುತ್ತದೆ.

ಯುದ್ಧದ ಜಗತ್ತಿಗೆ ಸುದ್ದಿಯ ವಿಳಂಬ ಮೊದಲ ಆಧಾರವಾದರೆ, ಎರಡನೆಯದು ಕೊರತೆ. 1984ರ ‘ಬ್ಯಾಟಲ್‌ಟೆಕ್’ನಲ್ಲಿ ಮನೆಯೆತ್ತರದ ಯಂತ್ರಗಳಲ್ಲಿ ಕೂತು ಯೋಧರು ಕಾದುತ್ತಾರೆ. ಎತ್ತರ ನೋಡಿ ಮರುಳಾದವರೇ ಹೆಚ್ಚು, ಆದರೆ ಆ ಜಗತ್ತನ್ನು ಇಷ್ಟು ವರ್ಷ ಬದುಕಿಸಿದ್ದು ಬೇರೆ ಸಂಗತಿ: ಶತಮಾನಗಳ ಯುದ್ಧದಲ್ಲಿ ಯಂತ್ರ ತಯಾರಿಸುವ ಕಾರ್ಖಾನೆಗಳೇ ಸುಟ್ಟುಹೋಗಿವೆ, ಇರುವ ಯಂತ್ರ ಅಜ್ಜನಿಂದ ಮೊಮ್ಮಗನಿಗೆ ಹೊಲದಂತೆ ಬರುತ್ತದೆ. ಹಳೆಯ ಉಗ್ರಾಣವೊಂದು ಸಿಕ್ಕಿತೆಂದರೆ ಅದಕ್ಕಾಗಿಯೇ ಒಂದು ಯುದ್ಧ. ಇದು ತೀರಾ ಕಲ್ಪನೆ ಎನ್ನುವವರು ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರನ್ನು ನೆನೆಯಬೇಕು. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಪೊಳ್ಳಿಲೂರಿನಲ್ಲಿ 1780ರಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದ ಕಾಲದ ತಂತ್ರ, ಎರಡು ಶತಮಾನ ಕೆಸರಿನಲ್ಲಿ ಮಲಗಿತ್ತು.

1987ರಲ್ಲಿ ರಿಕ್ ಪ್ರೀಸ್ಟ್‌ಲಿ ಬರೆದ ‘ವಾರ್‌ಹ್ಯಾಮರ್ 40,000’ ಇದಕ್ಕೆ ತದ್ವಿರುದ್ಧ. ಯಾರು ಯಾರ ಮೇಲಾದರೂ ಯಾವಾಗಲಾದರೂ ಬೀಳಬಹುದಾದ, ಶಾಂತಿಯೇ ಇಲ್ಲದ ಬ್ರಹ್ಮಾಂಡ ಅದು. ಸೈನಿಕರ ಬೊಂಬೆಗಳನ್ನು ಮಾರುವ ಕಂಪನಿಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಗತ್ತು ಬೇಕಿಲ್ಲ: ಯಾರ ಬಳಿ ಯಾವ ಬೊಂಬೆಗಳಿದ್ದರೂ ಅವು ಕಾದಲು ಕಾರಣ ಸಿದ್ಧ. ಆದರೆ ಪಾತ್ರವಾಡುವ ಆಟಕ್ಕೆ ಎಲ್ಲೆಲ್ಲೂ ಯುದ್ಧವಿರುವ ಜಗತ್ತು ಬೇಗ ಬೇಸರ ತರಿಸುತ್ತದೆ. ಮನೆಗೆ ಮರಳುವ ಆಸೆ ಇಲ್ಲದ ಸೈನಿಕನಿಗೆ ಕಥೆ ಇಲ್ಲ.

ಇವೆಲ್ಲಕ್ಕಿಂತ ಬೆಂಗಳೂರಿಗರಿಗೆ ಹತ್ತಿರವಾಗುವ ಉದಾಹರಣೆ ‘ದಿ ಎಕ್ಸ್‌ಪ್ಯಾನ್ಸ್’. ಟೈ ಫ್ರ್ಯಾಂಕ್ ಎಂಬಾತ ಅದನ್ನು ಮೊದಲು ಕಟ್ಟಿದ್ದು ಆಟದ ಜಗತ್ತಾಗಿ. ಗೆಳೆಯರೊಂದಿಗೆ ಆಡಿಸುತ್ತಲೂ ಇದ್ದ. ಡೇನಿಯಲ್ ಏಬ್ರಹಾಂ ಜೊತೆ ಸೇರಿ ಅದನ್ನು ಕಾದಂಬರಿ ಮಾಡಿದ್ದು 2011ರಲ್ಲಿ, ಟೀವಿ ಧಾರಾವಾಹಿ ಬಂದದ್ದು 2015ರಲ್ಲಿ. ಅದರಲ್ಲಿ ಭೂಮಿಗೂ ಮಂಗಳಕ್ಕೂ ಸಿಡಿಯುವ ವೈರಕ್ಕೆ ಕಿಡಿ ಹೊತ್ತಿಸುವುದು ಶನಿಯ ಕಡೆಯಿಂದ ಮಂಜುಗಡ್ಡೆ ಹೊತ್ತು ತರುವ ಒಂದು ಹಳೆಯ ಹಡಗು ನಾಶವಾದ ಸುದ್ದಿ. ಕ್ಷುದ್ರಗ್ರಹಗಳ ಕೂಲಿಗಳು ಕುಡಿಯುವ ನೀರು ಆ ಹಡಗುಗಳಲ್ಲೇ ಬರಬೇಕು. ಅಂದರೆ ಅದೊಂದು ಟ್ಯಾಂಕರ್.

ಈಗ ಕನಕಪುರ ರಸ್ತೆಗೆ ಮರಳೋಣ. ಅದೇ ದಿಕ್ಕಿನಿಂದ ಕಾವೇರಿಯ ನೀರು ಬೆಂಗಳೂರಿಗೆ ಬರುವ ಬಗೆಯನ್ನು ಯಾವ ವಿಜ್ಞಾನ ಕಥೆಗಾರನೂ ಇದಕ್ಕಿಂತ ಚೆನ್ನಾಗಿ ಊಹಿಸಲಾರ. ನದಿ ಇರುವುದು ಸುಮಾರು 100 ಕಿಲೋಮೀಟರ್ ದೂರದಲ್ಲಿ, ತಗ್ಗಿನಲ್ಲಿ. ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪುಗಳು ನೀರನ್ನು ಹಂತಹಂತವಾಗಿ 500 ಮೀಟರಿನಷ್ಟು ಮೇಲಕ್ಕೆ ನೂಕುತ್ತವೆ. ಮೊದಲ ಹಂತ ಶುರುವಾದದ್ದು 1974ರಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದ ವರ್ಷವೇ. ದಿನಕ್ಕೆ 775 ದಶಲಕ್ಷ ಲೀಟರ್ ತರುವ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಸರಕಾರವೇ ಮಿತಿ ಹಾಕಬೇಕಾಗಿ ಬಂದದ್ದು, ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದು ಯಾರಿಗೂ ಮರೆತಿಲ್ಲ.

ಇದನ್ನೇ ಇಟ್ಟುಕೊಂಡು ಮಾದರಿಗೆ ಒಂದು ಜಗತ್ತು ಕಟ್ಟಿ ನೋಡಬಹುದು. ಇಸವಿ 2187. ಮೂರು ಪಂಪ್‌ಹೌಸ್‌ಗಳು ಮೂರು ಬೇರೆ ಬೇರೆ ಗುಂಪುಗಳ ಕೈಯಲ್ಲಿವೆ. ಕೆಳಗಿನವರ ಬಳಿ ನೀರಿದೆ, ಪಂಪಿನ ಬಿಡಿಭಾಗ ಇಲ್ಲ. ಮೇಲಿನ ಊರಿನವರಲ್ಲಿ ಬಿಡಿಭಾಗ ಮಾಡುವ ವರ್ಕ್‌ಶಾಪ್‌ಗಳಿವೆ, ನೀರಿಲ್ಲ. ನಡುವಿನ ಹಾರೋಹಳ್ಳಿಯವರ ಬಳಿ ಎರಡೂ ಇಲ್ಲ, ಆದರೆ ಎರಡೂ ಅವರ ಅಂಗಳ ದಾಟದೆ ಹೋಗುವಂತಿಲ್ಲ. ಪಂಪ್ ಓಡಿಸುವ ವಿದ್ಯುತ್ತಿನ ಒಡೆತನ ಮಾತ್ರ ಮಂಗಳದಲ್ಲಿ ನೆಲೆಸಿರುವ ಒಂದು ಕಂಪನಿಯದು. ಅದರ ಅಪ್ಪಣೆ ಬರುವುದು ಬ್ಯಾಲಾಳಿನ ಹಳೆಯ ಆಂಟೆನಾ ಮೂಲಕ. ಯಾರೂ ಯಾರನ್ನೂ ಪೂರ್ತಿ ನಾಶ ಮಾಡುವಂತಿಲ್ಲ, ಮಾಡಿದರೆ ತಾವೂ ಸಾಯುತ್ತಾರೆ. ಅಂಥ ಕಡೆಯೇ ಯುದ್ಧ ಬಹುಕಾಲ ನಡೆಯುವುದು. ಕಥೆ ಆರಂಭವಾಗುವುದು ಸೂರ್ಯ ಅಡ್ಡಬಂದು ಮಂಗಳದ ಮಾತು ಕಡಿದ ದಿನ. ಮುಂದಿನ 14 ದಿನ ಅಪ್ಪಣೆ ಕೊಡುವವರಿಲ್ಲ, ಕೇಳುವವರೂ ಇಲ್ಲ. ವಾರಕ್ಕೊಂದು ಸಂಜೆ ಆಡುವ ಗುಂಪಿಗೆ ಸಂಜೆಗೊಂದು ದಿನದ ಲೆಕ್ಕ ಹಾಕಿದರೆ ಮೂರು ತಿಂಗಳಿಗೂ ಹೆಚ್ಚಿನ ಆಟ ತಾನಾಗಿ ಸಿಕ್ಕಿತು.

ನಕ್ಷೆ ಬರೆಯುವ ಶ್ರಮವೂ ಬೇಕಿಲ್ಲ. ಜಯದೇವ ಜಂಕ್ಷನ್‌ಗೆ ಹೋಗಿ ಒಮ್ಮೆ ಮೇಲೆ ನೋಡಿದರೆ ಸಾಕು: ಕೆಳಸೇತುವೆ, ಅದರ ಮೇಲೆ ನೆಲದ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಒಂದರ ಮೇಲೊಂದು ಎರಡು ಮೆಟ್ರೊ ಮಾರ್ಗ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಬಸ್ಸು ಕಾರುಗಳು ನಡು ಅಂತಸ್ತಿನಲ್ಲೂ ರೈಲು ಮೇಲಂತಸ್ತಿನಲ್ಲೂ ಓಡುವ ಡಬಲ್ ಡೆಕ್ಕರ್ ಮೇಲ್ಸೇತುವೆಯನ್ನು 2024ರ ಜುಲೈನಲ್ಲಿ ತೆರೆದರು; ಅದರ ಮೇಲಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್ ಓಡತೊಡಗಿತು. ಮಾದರಿ ಜಗತ್ತಿನಲ್ಲಿ ರೈಲು ನಿಂತು ನೂರು ವರ್ಷವಾಗಿದೆ, ಕಂಬಗಳು ನಿಂತಿವೆ. ಹಳಿಯ ಮೇಲೆ ನಡೆಯುವವನಿಗೆ ಎಲ್ಲ ಕಾಣುತ್ತದೆ, ಎಲ್ಲರಿಗೂ ಅವನು ಕಾಣುತ್ತಾನೆ. ಹಸಿರು ಮಾರ್ಗ ನ್ಯಾಷನಲ್ ಕಾಲೇಜು ದಾಟಿ ನೆಲದೊಳಗೆ ಇಳಿಯುವ ಬಾಯಿ ಯಾರ ವಶದಲ್ಲಿದೆಯೋ ಪೇಟೆಯ ಬಾಗಿಲು ಅವರದು.

ನೀರು ಹರಿಯುವ ದಿಕ್ಕು ಇನ್ನೊಂದು ನಕ್ಷೆ. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಹಳೆಯ ಹಳ್ಳಿಗಳು. ಮಡಿವಾಳ ಕೆರೆ ತುಂಬಿದರೆ ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ. ಇಂಥ ಸರಪಳಿ ಕೆರೆಗಳಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸುತ್ತಿದ್ದವನು ನೀರುಗಂಟಿ. ಬಯಲುಸೀಮೆಯ ಊರುಗಳಲ್ಲಿ ಗೌಡ, ಶಾನುಭೋಗರ ಹಾಗೆ ಅವನದೂ ಒಂದು ಹುದ್ದೆ. ಕತ್ತಿ ಹಿಡಿಯದಿದ್ದರೂ ಜಗಳವೆಲ್ಲ ಅವನ ಬಾಗಿಲಿಗೆ. ಆಟಕ್ಕೆ ಬೇಕಾದ ಪಾತ್ರ ಅಂಥದು. ಅಮೆರಿಕದ ಪುಸ್ತಕದಿಂದ ‘ಸ್ಪೇಸ್ ಮರೀನ್’, ‘ಬೌಂಟಿ ಹಂಟರ್’ ತಂದು ಜೆ.ಪಿ. ನಗರದಲ್ಲಿ ನಿಲ್ಲಿಸುವುದಕ್ಕಿಂತ ನೀರುಗಂಟಿ, ಟ್ಯಾಂಕರ್ ಡ್ರೈವರ್, ಎಸ್.ಪಿ. ರೋಡಿನ ಡ್ರೋನ್ ರಿಪೇರಿಯವಳು, ಆಸ್ಪತ್ರೆಯ ನರ್ಸ್, ಕಾವಲು ಬಿಟ್ಟು ಓಡಿಬಂದ ಸಿಪಾಯಿ ಇವರನ್ನು ಒಂದೇ ವಾಹನದಲ್ಲಿ ಕೂರಿಸಿದರೆ ಮಾತು ಹುಟ್ಟುತ್ತದೆ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆ ಬರೆದು ದಶಕಗಳೇ ಕಳೆದಿವೆ. ಭವಿಷ್ಯ ಕನ್ನಡ ಮಾತಾಡಿದರೆ ನಗು ಬರುತ್ತದೆಂಬ ಸಂಕೋಚಕ್ಕೆ ಇನ್ನು ಕಾರಣವಿಲ್ಲ.

ಎರಡು ಪಕ್ಷಗಳಿಗೆ ಸಮಬಲ ಕೊಡಬೇಕೆಂಬ ಹಟವೂ ಹೊಸಬರದು. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಕೆತ್ತಿರುವ ಆಡುಹುಲಿ ಆಟದಲ್ಲಿ ಯಾರೂ ಸಮಬಲ ಕೇಳಲಿಲ್ಲ. ಒಂದು ಬಗೆಯಲ್ಲಿ ಮೂರೇ ಹುಲಿ, ಎದುರಿಗೆ ಹದಿನೈದು ಆಡು. ಹುಲಿ ಹಾರಿ ಕೊಲ್ಲುತ್ತದೆ, ಆಡಿಗೆ ಆ ಶಕ್ತಿ ಇಲ್ಲ. ಅದು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ಎರಡು ಕಡೆಯವರೂ ಆಡುತ್ತಿರುವುದು ಬೇರೆ ಬೇರೆ ಆಟವನ್ನು, ಮಣೆ ಮಾತ್ರ ಒಂದೇ. ತಾತಗುಣಿಯ ಪಂಪ್‌ಹೌಸಿನಲ್ಲಿರುವ ನಲವತ್ತು ಶಸ್ತ್ರಧಾರಿಗಳು ಹುಲಿಗಳಾದರೆ, ಕೊಡ ಹಿಡಿದು ಸಾಲಿನಲ್ಲಿ ನಿಂತ ಸಾವಿರಾರು ಮನೆಗಳವರು ಆಡುಗಳು. ಆಟಗಾರರು ಯಾವ ಕಡೆ ಸೇರುತ್ತಾರೆಂಬುದನ್ನು ಗೇಮ್ ಮಾಸ್ಟರ್ ಮೊದಲೇ ತೀರ್ಮಾನಿಸದಿದ್ದರೆ ಚೆನ್ನ.

ದೊಡ್ಡ ಸೈನ್ಯವನ್ನು ಸಣ್ಣ ಮೇಜಿಗೆ ಇಳಿಸುವುದು ಇನ್ನೊಂದು ಫಜೀತಿ. ಒಂದು ಅಕ್ಷೌಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಇದನ್ನು ಓದಿದವರಿಗೆ ಅಬ್ಬಾ ಎನಿಸುತ್ತದೆ, ಆಡುವವರಿಗೆ ಇದರಲ್ಲಿ ಹಿಡಿತ ಸಿಗುವುದಿಲ್ಲ. ಕವಿಗಳು ಕಥೆಯನ್ನು ಯಾವಾಗಲೂ ಇಬ್ಬರು ಮೂವರ ಮುಖಕ್ಕೆ ತಂದು ನಿಲ್ಲಿಸುತ್ತಾರೆ. ಆಟವೂ ಹಾಗೇ ಮಾಡಬೇಕು. ಜೇಸನ್ ಮಾರ್ನಿಂಗ್‌ಸ್ಟಾರ್ ಬರೆದ ‘ನೈಟ್ ವಿಚಸ್’ ಆಟ ಎರಡನೇ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ಬಾಂಬು ಹಾಕಲು ಹೋಗುತ್ತಿದ್ದ ಸೋವಿಯತ್ ಹೆಣ್ಣು ಪೈಲಟ್‌ಗಳದು. ಅದರಲ್ಲಿ ರಾತ್ರಿಯ ಹಾರಾಟಕ್ಕಿರುವಷ್ಟೇ ಜಾಗ ಹಗಲಿನ ಶಿಬಿರಕ್ಕಿದೆ: ಮುರಿದ ವಿಮಾನ, ಗೆಳತಿಯ ಸಾವು, ಮೇಲಧಿಕಾರಿಯ ಸಂಶಯ. ಇಡೀ ಯುದ್ಧದ ಹಣೆಬರಹ ಅವರ ಕೈಯಲ್ಲಿಲ್ಲ. ಮುಂದಿನ ರಾತ್ರಿ ಹಾರಬಲ್ಲ ಸ್ಥಿತಿಯಲ್ಲಿ ಯಾರಿರುತ್ತಾರೆ ಎಂಬುದಷ್ಟೇ ಅವರ ಕೈಯಲ್ಲಿದೆ.

ನೀರಿನ ಯುದ್ಧ ಎಂದೊಡನೆ ಕೆಲವರಿಗೆ ಸುಲಭದ ಶತ್ರು ನೆನಪಾಗುತ್ತಾನೆ. ಕಾವೇರಿಯ ಹೆಸರಲ್ಲಿ ಬೆಂಗಳೂರು 1991ರ ಡಿಸೆಂಬರ್‌ನಲ್ಲಿ ತಮಿಳರ ಮೇಲಿನ ಹಿಂಸೆ ಕಂಡಿದೆ. 2016ರ ಸೆಪ್ಟೆಂಬರ್‌ನಲ್ಲಿ ಹತ್ತಾರು ಬಸ್ಸುಗಳು ಸುಟ್ಟವು, ಕರ್ಫ್ಯೂ ಬಂತು. ಅದನ್ನು ನೇರವಾಗಿ ಎತ್ತಿ 2187ಕ್ಕೆ ಅಂಟಿಸುವುದು ಕೆಟ್ಟ ಅಭಿರುಚಿ ಎನ್ನುವುದು ಒಂದು ಮಾತು. ಕೆಟ್ಟ ವಿನ್ಯಾಸವೂ ಹೌದು ಎನ್ನುವುದು ಇನ್ನೊಂದು. ಭಾಷೆಯ ಮೇಲೆ ಪಕ್ಷ ಹಂಚಿದ ಕೂಡಲೇ ಆಟಗಾರರಿಗೆ ಆಯ್ಕೆ ಉಳಿಯುವುದಿಲ್ಲ, ಹುಟ್ಟೇ ಪಕ್ಷವಾಗುತ್ತದೆ. ಎತ್ತರ ತಗ್ಗು, ಪಂಪ್ ಪೈಪು, ಬಾಡಿಗೆದಾರ ಮಾಲೀಕ ಎಂದು ಹಂಚಿದರೆ ಪಾತ್ರವೊಂದು ಪಕ್ಷ ಬದಲಿಸಬಹುದು, ಎರಡು ದೋಣಿಯಲ್ಲಿ ಕಾಲಿಡಬಹುದು, ಸಿಕ್ಕಿಬೀಳಬಹುದು.

ಮೇಜಿನ ಸುತ್ತ ಕೂತವರಲ್ಲಿ ಯಾರ ಮನೆಯಲ್ಲಿ ಯಾವ ನೋವಿದೆಯೋ ತಿಳಿಯದು. ಆಡುವ ಮೊದಲು ಒಂದು ಸಂಜೆ ಬರೀ ಮಾತಿಗೆ ಇಡುವುದು ಈಗ ರೂಢಿ. ಅದಕ್ಕೆ ‘ಸೆಷನ್ ಝೀರೊ’ ಎನ್ನುತ್ತಾರೆ. ಮಕ್ಕಳ ಸಾವು ಬೇಡ, ಚಿತ್ರಹಿಂಸೆಯ ವಿವರ ಬೇಡ, ಗುಂಪುಹಿಂಸೆ ಬೇಡ ಎಂದು ಯಾರು ಬೇಕಾದರೂ ಆಗ ಹೇಳಬಹುದು. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಇನ್ನೂ ಸರಳ: ಮೇಜಿನ ಮಧ್ಯೆ ಎಕ್ಸ್ ಬರೆದ ಒಂದು ಚೀಟಿ. ಆಟದ ನಡುವೆ ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯವನ್ನು ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವಂತಿಲ್ಲ. ಯುದ್ಧದ ಆಟಕ್ಕೆ ಇದು ಅತಿಯಾಯಿತು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಯುದ್ಧಧರ್ಮ ಗೊತ್ತುಮಾಡಿಕೊಳ್ಳದೆ ಕುರುಕ್ಷೇತ್ರದಲ್ಲೂ ಶಂಖ ಊದಲಿಲ್ಲ.

ಬರೆದಿಡಬೇಕಾದದ್ದು ಎಷ್ಟು? ಹೆಚ್ಚಿಲ್ಲ. ಎರಡು ಪುಟ ಸಾಕು: ಏನಿಲ್ಲದೆ ಜನ ಬದುಕಲಾರರು, ಅದು ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಯಾರ್‍ಯಾರು ಕೂತಿದ್ದಾರೆ, ಸುದ್ದಿ ಎಷ್ಟು ತಡ, ಮೊದಲ ದಿನ ಬೆಳಿಗ್ಗೆ ಏನು ಕೆಟ್ಟಿತು. ಉಳಿದದ್ದನ್ನು ಬೇಕೆಂದೇ ಖಾಲಿ ಬಿಡಬೇಕು. ಸಾರಕ್ಕಿ ಕೆರೆಯ ಏರಿ ಯಾರ ವಶದಲ್ಲಿದೆ ಎಂದು ಆಟಗಾರ್ತಿಯೊಬ್ಬಳು ಕೇಳಿದರೆ, ‘ನೀನೇ ಹೇಳು, ನಿನ್ನ ಪಾತ್ರದ ತವರು ಅದೇ ಅಲ್ವಾ?’ ಎನ್ನುವ ಗೇಮ್ ಮಾಸ್ಟರಿಗೆ ಅರ್ಧ ಕೆಲಸ ಕಡಿಮೆ. ಹೀಗೆ ಬಂದ ಉತ್ತರಗಳನ್ನು ಬರೆದಿಟ್ಟುಕೊಂಡರೆ ಸೆಟ್ಟಿಂಗ್ ತಾನಾಗಿ ದಪ್ಪವಾಗುತ್ತದೆ. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ‘ಸ್ಟಾರ್ ವಾರ್ಸ್’ ಆಟಕ್ಕೆಂದು ಹೀಗೆ ತುಂಬಿಸಿದ ವಿವರಗಳನ್ನೇ ಮುಂದೆ ಕಾದಂಬರಿಕಾರ ಟಿಮತಿ ಝಾನ್ ಅವರ ಕೈಗೆ ಆಕರವೆಂದು ಕೊಟ್ಟರು.

ದಾಳದ ಮಾತೊಂದು ಬಾಕಿ. ಅಂಗಡಿಯಲ್ಲಿ ಸಿಗುವ ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವ ಸಂಭವ ಎಷ್ಟೋ ಇಪ್ಪತ್ತು ಬೀಳುವುದೂ ಅಷ್ಟೇ. ಆದ್ದರಿಂದ ನುರಿತ ಡ್ರೈವರ್ ಕೂಡ ಪದೇ ಪದೇ ಹೊಂಡಕ್ಕೆ ಬೀಳುತ್ತಾನೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಚೌಕಾಬಾರದ ನಾಲ್ಕು ಕವಡೆಗಳ ಸ್ವಭಾವ ಬೇರೆ. ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆಂದು ಇಟ್ಟುಕೊಂಡರೆ, ಹದಿನಾರು ಎಸೆತದಲ್ಲಿ ಸರಾಸರಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು. ನಾಲ್ಕೂ ಅಂಗಾತ ಬಿದ್ದ ಚೌಕ ಒಮ್ಮೆ, ನಾಲ್ಕೂ ಬೋರಲು ಬಿದ್ದ ಬಾರ ಒಮ್ಮೆ. ಮಾಮೂಲಿ ಕೆಲಸ ಮಾಮೂಲಿಯಾಗಿ ನಡೆದು, ಅಪರೂಪಕ್ಕೆ ಪವಾಡವೋ ಅನಾಹುತವೋ ಆಗಬೇಕೆನ್ನುವ ನೀರಿನ ಯುದ್ಧಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಚೌಕಾಬಾರದಲ್ಲಿ ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಉಂಟು. ಅದನ್ನು ಹಾಗೇ ಉಳಿಸಿಕೊಳ್ಳಬಹುದು. ಕೋಣನಕುಂಟೆ ಕ್ರಾಸ್ ದಾಟುತ್ತಿರುವ ಟ್ಯಾಂಕರುಗಳ ಸಾಲಿಗೆ ಚೌಕ ಬಿದ್ದರೆ ಕಾವಲಿನವರು ನಿದ್ದೆಹೋಗಿದ್ದಾರೆ. ಬಾರ ಬಿದ್ದರೆ ಎಲ್ಲವೂ ದಾಟಿದವು, ಒಂದರ ನೀರು ಮಾತ್ರ ರಸ್ತೆ ಪಾಲಾಯಿತು. ಆ ನೀರು ಯಾರ ಬೀದಿಗೆ ಹೋಗಬೇಕಿತ್ತು ಎಂಬುದನ್ನು ಎಸೆದವರ ಎಡಗಡೆ ಕೂತವರು ಹೇಳಬೇಕು.